ನಿಸರ್ಗಧಾಮ: ಸೇತುವೆ ದಾಟಿದ ಮೇಲೆ ಏನು ನೋಡಬೇಕು?

[ದೃಶ್ಯ: ತೂಗುಸೇತುವೆ. ಕ್ಯಾಮೆರಾ ಅಲುಗಾಡುತ್ತಿದೆ.]

ವಿಡಿಯೋ ಅಲುಗಾಡ್ತಾ ಇದೆ, ಗೊತ್ತು. ಕ್ಯಾಮೆರಾ ಹಿಡಿದಿರುವ ನಮ್ಮ ಹುಡುಗನಿಗೆ ತೂಗುಸೇತುವೆ ಅಂದರೆ ಭಯ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಕಂಬಿ.

ನಮಸ್ಕಾರ. ಕುಶಾಲನಗರದಿಂದ ಮಡಿಕೇರಿ ಕಡೆಗೆ ಎರಡು ಮೂರು ಕಿಲೋಮೀಟರ್ ಬಂದರೆ ಹೆದ್ದಾರಿ ಪಕ್ಕದಲ್ಲೇ ಸಿಗುತ್ತದೆ ಕಾವೇರಿ ನಿಸರ್ಗಧಾಮ. ಅರಣ್ಯ ಇಲಾಖೆಯ ಜಾಗ. ಸುಮಾರು 64 ಎಕರೆ. ಹೆಚ್ಚಿನವರು ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿಕೊಂಡು, ದುಬಾರೆಗೆ ಹೋಗುವ ಮೊದಲು ಇಲ್ಲಿ ಗಾಡಿ ನಿಲ್ಲಿಸುತ್ತಾರೆ. ಸೇತುವೆ ಮೇಲೆ ಸೆಲ್ಫಿ, ಜಿಂಕೆ ಮುಂದೆ ಸೆಲ್ಫಿ, ನೀರಿಗೆ ಕಾಲು, ವಾಪಸ್. ಮುಕ್ಕಾಲು ಗಂಟೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಆಮೇಲೆ ಗೊತ್ತಾಯಿತು, ನೋಡಬೇಕಾದ್ದನ್ನೇ ಬಿಟ್ಟು ಬಂದಿದ್ದೆ ಅಂತ.

ಮೊದಲು ಈ ಸೇತುವೆ. ಇದು ಯಾಕೆ ಇಷ್ಟು ತೂಗುತ್ತದೆ? ಹಗ್ಗಕ್ಕೆ ಕಟ್ಟಿದ ಉಯ್ಯಾಲೆಗೆ ತನ್ನದೇ ಒಂದು ತಾಳ ಇರುತ್ತದೆ ಅಲ್ವಾ? ಸೇತುವೆಗೂ ಇದೆ. ಹತ್ತು ಜನ ಒಂದೇ ತಾಳದಲ್ಲಿ ಹೆಜ್ಜೆ ಹಾಕಿ, ಆ ತಾಳ ಸೇತುವೆಯದಕ್ಕೆ ಹೊಂದಿದರೆ ತೂಗಾಟ ಜಾಸ್ತಿ ಆಗುತ್ತಾ ಹೋಗುತ್ತದೆ. ಕವಾಯತು ಮಾಡುತ್ತಾ ಬಂದ ಸೈನಿಕರು ಸೇತುವೆ ಬಂದ ಕೂಡಲೇ ಹೆಜ್ಜೆ ಮುರಿದು ನಡೆಯುವುದು ಇದಕ್ಕೇ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ಇದು, ರಿಟೈರ್ ಆದ ಯಾವ ಫೌಜಿಯನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ಬೇಕಂತಲೇ ಕುಣಿಸಬೇಡಿ. ಹಿಂದೆ ಯಾರಾದರೂ ಕಂಬಿ ಹಿಡಿದು ದೇವರನ್ನು ನೆನೆಯುತ್ತಿರಬಹುದು.

[ದೃಶ್ಯ: ಸೇತುವೆಯ ಮೇಲಿಂದ ಹೊಳೆ.]

ಈಗ ಕೆಳಗೆ ನೋಡಿ. ಇದು ಕಾವೇರಿ. ಇಲ್ಲಿ ಹೊಳೆ ಸೀಳಿಕೊಂಡು ನಡುವೆ ದ್ವೀಪ ಉಳಿದಿದೆ. ನಿಸರ್ಗಧಾಮ ಅಂದರೆ ಆ ದ್ವೀಪವೇ. ಅದಕ್ಕೇ ಇಲ್ಲಿ ಬಾಗಿಲು ತೆರೆಯಬೇಕೋ ಮುಚ್ಚಬೇಕೋ ಅನ್ನುವುದು ಮಳೆಗಾಲದಲ್ಲಿ ಹೊಳೆಯ ಕೈಯಲ್ಲಿ.

ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಕೊಡಗಿನಲ್ಲಿ ಮಳೆ ಎಲ್ಲ ಕಡೆ ಒಂದೇ ಥರ ಬೀಳುವುದಿಲ್ಲ. ತಲಕಾವೇರಿ, ಭಾಗಮಂಡಲ ಇರುವುದು ಪಶ್ಚಿಮಕ್ಕೆ, ಘಟ್ಟದ ಅಂಚಿನಲ್ಲಿ. ಅರಬ್ಬಿ ಸಮುದ್ರದಿಂದ ಬರುವ ಮೋಡ ಅಲ್ಲೇ ಬೆಟ್ಟಕ್ಕೆ ತಾಗಿ ಸುರಿದುಬಿಡುತ್ತದೆ. ಪೂರ್ವದ ಕುಶಾಲನಗರಕ್ಕೆ ಬರುವ ಹೊತ್ತಿಗೆ ಮೋಡದ ಹೊಟ್ಟೆ ಬಹುಪಾಲು ಖಾಲಿ. ಅಲ್ಲಿಯ ಮಳೆ ಕಂಡವರಿಗೆ ಇಲ್ಲಿಯದು ಮಳೆಯೇ ಅಲ್ಲ. ಆದರೆ ಅಲ್ಲಿ ಬಿದ್ದ ನೀರು ಇಳಿದು ಬರಬೇಕಾದ್ದು ಇದೇ ದಾರಿಯಲ್ಲಿ. ಭಾಗಮಂಡಲದ ಸಂಗಮದಲ್ಲಿ ನೀರು ರಸ್ತೆಗೆ ಬಂತು ಅಂದರೆ ಇಲ್ಲಿಯವರು ಹೊಳೆ ಕಡೆ ಕಣ್ಣಿಡುತ್ತಾರೆ. 2018ರ ಆಗಸ್ಟ್‌ನಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೇ ನೀರು ನುಗ್ಗಿತ್ತು. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಗೇಟ್ ಮುಚ್ಚಿರಬಹುದು. ಜುಲೈ, ಆಗಸ್ಟ್‌ನಲ್ಲಿ ಬರುವುದಾದರೆ ಮೊದಲೇ ವಿಚಾರಿಸಿಕೊಂಡು ಬನ್ನಿ.

ಒಳಗೆ ಜಿಂಕೆಗಳಿವೆ. ಗಂಡಿನ ತಲೆ ಮೇಲಿರುವುದು ಹಸುವಿನದ್ದರಂಥ ಕೊಂಬಲ್ಲ. ಅದು ಮೂಳೆ, ಉದುರಿ ಹೋಗಿ ಮತ್ತೆ ಹೊಸದಾಗಿ ಬೆಳೆಯುತ್ತದೆ. ಬೋಳು ತಲೆಯ ಗಂಡು ಕಂಡರೆ ಪಾಪ ಅನ್ನಬೇಡಿ. ಚಿಪ್ಸ್ ಅಂತೂ ಹಾಕಲೇಬೇಡಿ. ದಾರಿಯಲ್ಲಿ ಕೊಡಗಿನ ಜನರ, ಕಾಡಿನ ಬದುಕಿನ ಬೊಂಬೆಗಳಿವೆ. ಮಕ್ಕಳಿಗೆ ಇಷ್ಟ. ನನ್ನನ್ನು ಕೇಳಿದರೆ, ಕುಪ್ಯ ಅನ್ನುವ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆ ವಸ್ತ್ರ ಬಿಗಿದು, ಪೀಚೆಕತ್ತಿ ಅನ್ನುವ ಚೂರಿ ಸಿಕ್ಕಿಸಿಕೊಂಡವರನ್ನು ಕೊಡವರ ಮದುವೆ ಮನೆಯಲ್ಲಿ ನೋಡಬೇಕು. ವಾಲಗ ಶುರುವಾದರೆ ನಿಮ್ಮ ಕಾಲೂ ಸುಮ್ನೆ ಇರುವುದಿಲ್ಲ.

[ಸದ್ದು: ಗಾಳಿಗೆ ಬಿದಿರು ಕಿರ್ ಎನ್ನುತ್ತದೆ. ಹತ್ತು ಸೆಕೆಂಡ್ ಮಾತಿಲ್ಲ.]

ಕೇಳಿಸಿತಾ? ನಾನು ಬಂದದ್ದು ಇದಕ್ಕೆ.

ಬಿದಿರು ಮರವಲ್ಲ, ಹುಲ್ಲು. ಭತ್ತ, ರಾಗಿಯ ನೆಂಟ. 1927ರ ಅರಣ್ಯ ಕಾಯ್ದೆ ಮಾತ್ರ ಇದನ್ನು ಮರದ ಪಟ್ಟಿಯಲ್ಲಿ ಇಟ್ಟಿತ್ತು. ತಿದ್ದುಪಡಿ ಆದದ್ದು 2017ರಲ್ಲಿ. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಹಿತ್ತಲಿನ ಬಿದಿರೂ ಮರವೇ!

ಮರ ಆದರೆ ವರ್ಷ ವರ್ಷ ದಪ್ಪ ಆಗುತ್ತದೆ. ಬಿದಿರು ಹಾಗಲ್ಲ. ಈ ಗಳ ನೋಡಿ, ನನ್ನ ತೋಳಿನಷ್ಟಿದೆ. ಮಣ್ಣು ಸೀಳಿಕೊಂಡು ಮೊಳಕೆ ಬಂದ ದಿನವೂ ಇಷ್ಟೇ ದಪ್ಪ ಇತ್ತು. ಆಮೇಲೆ ಬರೀ ಎತ್ತರ. ಕೆಲವೇ ತಿಂಗಳಲ್ಲಿ ಮೇಲೆ ಹೋಗಿ ಮುಟ್ಟುತ್ತದೆ. ಆ ಮೊಳಕೆಯೇ ಕಣಿಲೆ. ಕೆಲವು ಕಡೆ ಕಳಲೆ ಅಂತಾರೆ. ಮಳೆಗಾಲದಲ್ಲಿ ಕೊಡಗಿನ ಮನೆಗಳಲ್ಲಿ ಇದರ ಸಾರು, ಜೊತೆಗೆ ಅಕ್ಕಿ ರೊಟ್ಟಿ. ಆದರೆ ಹಸಿಯಾಗಿ ತಿನ್ನುವಂತಿಲ್ಲ. ಅದರಲ್ಲಿ ಸಯನೈಡ್ ಹುಟ್ಟಿಸುವ ವಿಷದ ಅಂಶ ಇದೆ. ಹೆಚ್ಚಿ, ನೀರಲ್ಲಿ ನೆನೆಹಾಕಿ, ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ರಸಾಯನಶಾಸ್ತ್ರ ಓದದ ಅಜ್ಜಿಯಂದಿರು ಇದನ್ನು ತಪ್ಪದೆ ಮಾಡಿಕೊಂಡು ಬಂದಿದ್ದಾರೆ. ಇಲ್ಲಿಯ ಮೆಳೆಯಿಂದ ಮುರಿದುಕೊಳ್ಳಬೇಡಿ ಮತ್ತೆ. ಸಂತೆಯಲ್ಲಿ ಸಿಗುತ್ತದೆ.

ಇನ್ನು ಹೂವಿನ ವಿಚಾರ. ಮುಳ್ಳಿರುವ ಹೆಬ್ಬಿದಿರು ಸಾಮಾನ್ಯವಾಗಿ 40ರಿಂದ 50 ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಒಂದೆರಡು ಮೆಳೆ ಅಲ್ಲ, ಆ ಕಡೆಯ ಕಾಡೆಲ್ಲ ಹೆಚ್ಚು ಕಡಿಮೆ ಒಟ್ಟಿಗೆ. ಭತ್ತದಂಥ ಕಾಳು ಉದುರಿಸಿ ಒಣಗಿ ಸಾಯುತ್ತದೆ. ಆ ಕಾಳು ಬಿದಿರಕ್ಕಿ. ಬರಗಾಲದಲ್ಲಿ ಜನ ಅದನ್ನು ಅನ್ನ ಮಾಡಿ ಉಂಡದ್ದೂ ಇದೆ. ಇಲಿಗಳಿಗಂತೂ ಹಬ್ಬ. ಕಷ್ಟ ಆನೆಗೆ. ಬಿದಿರು ಅದಕ್ಕೆ ಇಷ್ಟದ ಮೇವು. ಬಿದ್ದ ಬೀಜ ಮೊಳೆತು ಮತ್ತೆ ಮೆಳೆ ಕಟ್ಟಲು ವರ್ಷಗಳು ಬೇಕು. ಕೊಡಗಿನ ಸಿದ್ದಾಪುರದ ಕಡೆ ಆನೆಗಳು ಕಾಫಿ ತೋಟಕ್ಕೆ ಇಳಿಯಲು ಕಾರಣಗಳು ಹಲವು, ಅದರಲ್ಲಿ ಕಾಡಿನ ಬಿದಿರು ಕಡಿಮೆಯಾದದ್ದೂ ಒಂದು.

[ದೃಶ್ಯ: ಹೊಳೆ ದಂಡೆ, ಬಂಡೆಗಳು.]

ನೀರಿಗೆ ಇಳಿಯುವವರಿಗೆ ಎರಡೇ ಮಾತು. ಬಂಡೆ ಮೇಲೆ ಪಾಚಿ ಇದೆ. ಮೊಣಕಾಲು ನೀರಿನ ಪಕ್ಕದಲ್ಲೇ ಆಳದ ಗುಂಡಿ ಇರಬಹುದು. ಗಾರ್ಡ್ ಸೀಟಿ ಊದಿದರೆ ಮೇಲೆ ಬನ್ನಿ, ವಾದ ಬೇಡ. ರಜಾ ದಿನ ಬಿಟ್ಟು, ಬೆಳಿಗ್ಗೆ ಗೇಟ್ ತೆರೆದ ಕೂಡಲೇ ಬಂದರೆ ಬಿದಿರಿನ ಸದ್ದು ಕೇಳಿಸುತ್ತದೆ. ಹನ್ನೊಂದಾದರೆ ನಮ್ಮ ಜನರ ಸದ್ದೇ.

ಈಗ ನಿಮಗೊಂದು ಕೆಲಸ. ಮನೆಯ ಹಿರಿಯರನ್ನು ಕೇಳಿ: ನಿಮ್ಮೂರ ಬಿದಿರು ಯಾವ ವರ್ಷ ಹೂ ಬಿಟ್ಟಿತ್ತು? ಬಿದಿರಕ್ಕಿ ಅನ್ನ ಉಂಡ ನೆನಪಿದೆಯಾ? ಊರು, ವರ್ಷ ಎರಡನ್ನೂ ಕೆಳಗೆ ಕಾಮೆಂಟ್‌ನಲ್ಲಿ ಬರೆಯಿರಿ. ಅಷ್ಟರಲ್ಲಿ ನಾವು ವಾಪಸ್ ಸೇತುವೆ ದಾಟುತ್ತೇವೆ. ಈ ಸಲ ಕ್ಯಾಮೆರಾ ನಾನೇ ಹಿಡಿಯಬೇಕಂತೆ. ಇವನಿಗೆ ಎರಡೂ ಕೈ ಬೇಕಂತೆ.