ಒಂದು ಡ್ರೋನ್ ಶಾಟ್‌ಗೆ ಆರು ಗಂಟೆ

ಮೇಲಿಂದ ಕಾಣ್ತಿದೆಯಲ್ಲಾ, ಹೊಂಬಣ್ಣದ ಹುಲ್ಲಿನ ನಡುವೆ ಹಾವಿನ ಹಾಗೆ ಹೊರಳಿರುವ ನೀರು, ಅದರಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ನಮ್ಮ ದೋಣಿ. ಈ ಶಾಟ್ ಚೆನ್ನಾಗಿ ನೋಡಿಕೊಳ್ಳಿ. ಇದಕ್ಕೆ ತೆತ್ತ ಬೆಲೆ ಏನು ಅಂತ ಆಮೇಲೆ ಹೇಳುತ್ತೇನೆ.

ಹೊಸಬರಿಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ನಾನು, ನಮ್ಮ ಯಜಮಾನರು, ಒಂದು 34 ಅಡಿಯ ಹಾಯಿದೋಣಿ. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಮೈಲಿ 0, ಅಲ್ಲಿಂದ ಫ್ಲಾರಿಡಾ ಕಡೆಗೆ ಹೊರಟಿದ್ದೇವೆ. ಸಮುದ್ರದಲ್ಲಿ ಅಲ್ಲ. ನದಿ, ಕಾಲುವೆ, ಹಿನ್ನೀರು ಎಲ್ಲಾ ಜೋಡಿಸಿಕೊಂಡು ಕರಾವಳಿಯ ಒಳಗೊಳಗೇ ಹೋಗುವ ಇಂಟ್ರಾಕೋಸ್ಟಲ್ ವಾಟರ್‌ವೇ ಇದು. ಹೆಸರಿಗೆ ಹಾಯಿದೋಣಿ, ಹಾಯಿ ಬಿಚ್ಚಿದ್ದು ನಾಲ್ಕೇ ದಿನ. ಉಳಿದದ್ದೆಲ್ಲ ಇಂಜಿನ್ ಡುಗುಡುಗು.

ಇದು ಡಿಸ್ಮಲ್ ಸ್ವಾಂಪ್ ಕಾಲುವೆ, ಮೊದಲ ವಾರದ್ದು. ನೀರು ನೋಡಿ, ಹಾಲು ಹಾಕದ ಟೀ ಇದ್ದ ಹಾಗಿದೆ. ಕೊಳಕಲ್ಲ, ಮರಗಳ ತೊಗಟೆ, ಎಲೆಯ ಒಗರು ಬಿಟ್ಟುಕೊಂಡು ಹೀಗಾಗಿದೆ. 22 ಮೈಲಿ ಉದ್ದ, 1805ರಿಂದ ದೋಣಿ ಓಡುತ್ತಿದೆ. ಈ ಜೌಗಿನಲ್ಲಿ ಸೊಂಟದವರೆಗೆ ಇಳಿದು ತೋಡಿದವರು ಗುಲಾಮರು. ಅದು ಗೊತ್ತಾದ ಮೇಲೆ ಎರಡೂ ದಡದ ಮರಗಳನ್ನು ನೋಡಿ 'ಆಹಾ' ಅನ್ನೋಕೆ ಬಾಯಿ ಬರಲಿಲ್ಲ. ಅಂದ ಹಾಗೆ, ಇದೇ ನೀರಿನಿಂದ ದೋಣಿಯ ಮೂತಿಗೆ ಕಂದು ಮೀಸೆ ಬಂದಿದೆ, ಕಾಣ್ತಾ? ಈ ದಾರಿಯಲ್ಲಿ ಬರುವ ಬಿಳಿ ದೋಣಿಗಳಿಗೆಲ್ಲ ಇದೇ ಗತಿ. ನನಗೆ ಚೆಂದ ಅನ್ನಿಸಿತು, ಇವರಿಗೆ ಅಸಹ್ಯ.

ನಾರ್ತ್ ಕ್ಯಾರೊಲಿನಾ, ಸೌತ್ ಕ್ಯಾರೊಲಿನಾ ಕಳೆದ ವೀಡಿಯೋದಲ್ಲಿ ಆಯ್ತು. ಈಗ ಜಾರ್ಜಿಯಾ.

ಸವಾನಾ ದಾಟಿದ ಮೇಲೆ ಹೆಲ್ ಗೇಟ್ ಅಂತ ಒಂದು ಚಿಕ್ಕ ಸಂದು. ಹೂಳು ಜಾಸ್ತಿ. ಜಾರ್ಜಿಯಾದಲ್ಲಿ ಉಬ್ಬರಕ್ಕೂ ಇಳಿತಕ್ಕೂ ಏಳೆಂಟು ಅಡಿ ವ್ಯತ್ಯಾಸ. ನಮ್ಮ ದೋಣಿಗೆ ಐದಡಿ ನೀರು ಬೇಕೇ ಬೇಕು. ಅದಕ್ಕೇ ಉಬ್ಬರ ಇರುವಾಗಲೇ ದಾಟಬೇಕು, ಬೆಳಿಗ್ಗೆ ಏಳಕ್ಕೆ ಲಂಗರು ಎತ್ತೋಣ ಅಂತ ಇವರು ಹಿಂದಿನ ರಾತ್ರಿಯೇ ಹೇಳಿದ್ದರು. ಏಳಕ್ಕೆ ಬಿಸಿಲು ಎಷ್ಟು ಚೆನ್ನಾಗಿತ್ತು ಗೊತ್ತಾ? ನಾನು ಡ್ರೋನ್ ಹಾರಿಸಿದೆ. ಒಂದು ಬ್ಯಾಟರಿ, ಇನ್ನೊಂದು ಬ್ಯಾಟರಿ. ಹೊರಟಾಗ ಒಂಬತ್ತೂವರೆ.

ಚುಕ್ಕಾಣಿ ನನ್ನ ಕೈಯಲ್ಲಿತ್ತು. ಗುರುತಿನ ಕಂಬದ ಮೇಲೆ ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ, ದಕ್ಷಿಣಕ್ಕೆ ಹೋಗುವವರಿಗೆ ಇಷ್ಟೇ ಪಾಠ. ಅದನ್ನು ಸರಿಯಾಗಿಯೇ ಪಾಲಿಸಿದೆ. ಆದರೆ ನೀರೇ ಇಲ್ಲದಿದ್ದರೆ ಕಂಬ ಏನು ಮಾಡುತ್ತೆ? ಆಳ ತೋರಿಸುವ ಮೀಟರ್‌ನಲ್ಲಿ ಏಳಡಿ, ಆರು, ಐದೂವರೆ. ಆಮೇಲೆ ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ ಮೆತ್ತಗೆ ನಿಂತಿತು.

"ರೀ, ನೆಲ ತಾಗ್ತಿದೆ ಅನ್ಸತ್ತೆ."

"ಅನ್ಸೋದೇನೇ, ತಾಗಿದೆ."

ರಿವರ್ಸ್ ಹಾಕಿದರು. ದೋಣಿ ಜರುಗಲಿಲ್ಲ, ಇಂಜಿನ್ ಮಾತ್ರ ಕೆಸರು ಹೀರಿಕೊಂಡು ಬಿಸಿಯಾಯಿತು. ಆಫ್ ಮಾಡಿ, ಇಂಜಿನ್ ತಂಪಿಗೆ ಒಳಬರುವ ನೀರು ಸೋಸುವ ಜಾಲರಿ ತೆಗೆದರೆ ದೋಸೆ ಹಿಟ್ಟಿನಷ್ಟು ಗಟ್ಟಿ ಬೂದು ಕೆಸರು, ಮಧ್ಯದಲ್ಲಿ ಜೀವಂತ ಸಿಗಡಿ ಒಂದು. ಚಮಚದಲ್ಲಿ ಬಳಿದು ತೆಗೆದದ್ದು ನಾನು.

ಎಳೆದು ಬಿಡಿಸುವ ದೋಣಿಯವರಿಗೆ ಫೋನ್ ಮಾಡಿದೆವು. ಗಂಟೆಗೆ 300 ಡಾಲರ್ ಮೇಲೆ, ಅದೂ ಅವರು ಅಲ್ಲಿಂದ ಹೊರಟ ಕ್ಷಣದಿಂದ ವಾಪಸ್ ಮುಟ್ಟುವವರೆಗೆ. ವರ್ಷದ ಸದಸ್ಯತ್ವ ತಗೊಂಡಿದ್ದರೆ ಒಂದು ಗಂಟೆಯ ದುಡ್ಡಿಗಿಂತ ಕಡಿಮೆಯಲ್ಲಿ ಮುಗಿಯುತ್ತಿತ್ತು. ಬೇಡ ಅಂದವರು ಯಾರು? ಇವರು. ಸರಿ, ನಾನೂ ಹೂಂ ಅಂದಿದ್ದೆ. ಇದು ಹಗಲು ದರೋಡೆ ಅಂತ ಆಗ ಕೂಗಾಡಿದೆ. ಈಗ ಅನ್ನಿಸುತ್ತೆ, ಇಂಥವರನ್ನು ಎಳೆಯೋಕೆ ಮಧ್ಯರಾತ್ರಿಯೂ ಯಾರಾದರೂ ಬರಬೇಕಲ್ವಾ, ಅಷ್ಟು ಕೇಳಲಿ ಬಿಡಿ.

ಲೆಕ್ಕ ಹಾಕಿದೆವು. ನೀರು ಪೂರ್ತಿ ಇಳಿಯೋಕೆ ಮೂರು ಗಂಟೆ, ಮತ್ತೆ ಇಷ್ಟೇ ಏರೋಕೆ ಮೂರು. ಇನ್ನೂ ಆಚೆ ಜಾರದಿರಲಿ ಅಂತ ಲಂಗರನ್ನು ಚಿಕ್ಕ ದೋಣಿಯಲ್ಲಿ ಒಯ್ದು ಆಳದ ಕಡೆ ಹಾಕಿ ಬಂದರು, ಸುಮ್ನೆ ಕೂತೆವು.

ಕ್ಯಾಮೆರಾ ಓರೆ ಇಟ್ಟಿಲ್ಲ, ದೋಣಿಯೇ ಹಾಗೆ ಮಲಗಿದೆ. ಚಿತ್ರಾನ್ನದ ಪಾತ್ರೆ ಮಡಿಲಲ್ಲಿ ಹಿಡಿದುಕೊಂಡೇ ಊಟ. ಪಕ್ಕದಲ್ಲಿ ಹೋದವರೆಲ್ಲ ಕೈ ಬೀಸಿದರು, ಒಬ್ಬರು ಫೋಟೋ ಬೇರೆ ತೆಗೆದರು. ನನಗಂತೂ ಮೈಯೆಲ್ಲ ಉರಿಯಿತು. ಅವರೂ ವ್ಲಾಗ್ ಮಾಡುತ್ತಿರಬಹುದು, ನಾನೇನು ಹೇಳಲಿ.

ಇವರು ಮಾತ್ರ ಉಳಿದಿದ್ದ ನಿಂಬೆಹಣ್ಣುಗಳನ್ನೆಲ್ಲ ತಗೊಂಡು, ಚಿಕ್ಕ ದೋಣಿಯಲ್ಲಿ ಕೂತು, ಮೂತಿಯ ಮೀಸೆ ಉಜ್ಜಿದರು. ಹೌದು, ನಿಂಬೆರಸಕ್ಕೇ ಹೋಗುತ್ತೆ. ಒಂದು ಕಡೆ ಪೂರ್ತಿ ಹೋಯಿತು. ಇನ್ನೊಂದು ಕಡೆ ಕೆಸರಿಗೆ ಒರಗಿತ್ತು, ಹಾಗೇ ಉಳಿಯಿತು.

ನಾಲ್ಕಕ್ಕೆ ದೋಣಿ ಮೊದಲು ಸ್ವಲ್ಪ ಅಲುಗಿತು, ಆಮೇಲೆ ತಾನಾಗಿಯೇ ಎದ್ದು ನಿಂತಿತು. ಬೆಳಕು ಮತ್ತೆ ಬಂಗಾರದ ಹಾಗಿತ್ತು.

"ಇನ್ನೊಂದು ಬ್ಯಾಟರಿ ಇದೆಯಾ?" ಅಂದರು.

ನಾನು ಉತ್ತರ ಕೊಡಲಿಲ್ಲ. ಅಯ್ಯೋ, ಶಾಟ್ ಮುಗೀತು. ಇದು ರಾತ್ರಿ ಲಂಗರು ಹಾಕಿದ ಜಾಗ, ಅರ್ಧ ಮೀಸೆ ಇರುವ ದೋಣಿ ನಮ್ಮದೇ.