ಬೀಜ ಕಟ್ಟದ ಗಿಡ ಬೀಜ ಕಟ್ಟಿದಾಗ

ಸ್ನೇಹಿತರೇ, ಈ ರೆಂಬೆಯನ್ನು ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ. ಹಳದಿ ಹೂವಿನ ಲಂಟಾನ. ನಾಲ್ಕು ವರ್ಷದ ಹಿಂದೆ ಒಂದು ನರ್ಸರಿಯಿಂದ ತಂದಿದ್ದೆ. “ಇದು ಬೀಜ ಕಟ್ಟೋ ಜಾತಿಯಲ್ಲ, ಧೈರ್ಯವಾಗಿ ಹಾಕಿ” ಎಂದಿದ್ದರು. ಮೂರು ವರ್ಷ ಆ ಮಾತು ನಿಂತಿತು. ಈ ಸಲ ಹೂ ಉದುರಿದ ಗೊಂಚಲಿನಲ್ಲಿ ಕರಿಮಣಿಯಂಥ ಐದು ಹಣ್ಣು ಸಿಕ್ಕವು.

ಐದೇ ತಾನೇ ಎನ್ನಬೇಡಿ. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಮರಗಳ ಕೆಳಗೆ ನುಗ್ಗಲಾಗದಂತೆ ಹೆಣೆದುಕೊಂಡಿರುವ ಪೊದೆ ಇದೇ ಲಂಟಾನ. ಹೊರದೇಶದಿಂದ ತೋಟದ ಅಂದಕ್ಕೆಂದು ಬಂದ ಗಿಡ. ಅದನ್ನು ಕಾಡಿಗೆ ಕೊಂಡೊಯ್ದದ್ದು ಹಣ್ಣು ತಿಂದ ಪಿಕಳಾರದಂಥ ಹಕ್ಕಿಗಳು.

ಹಾಗಾದರೆ ನರ್ಸರಿಯವರು ಸುಳ್ಳು ಹೇಳಿದರೇ? ಇಲ್ಲ. ಗಿಡದ ಗುಣಗಳನ್ನು ಹೊತ್ತು ಪ್ರತಿ ಜೀವಕೋಶದಲ್ಲೂ ಇರುವ ಎಳೆಗಳೇ ವರ್ಣತಂತುಗಳು; ಲಂಟಾನದಲ್ಲಿ ಅವುಗಳ ಒಂದು ಕಟ್ಟಿನಲ್ಲಿ 11 ಇರುತ್ತವೆ. ಎರಡು ಕಟ್ಟಿನ ಗಿಡದಲ್ಲಿ 22, ನಾಲ್ಕು ಕಟ್ಟಿನದರಲ್ಲಿ 44. ಈ ಎರಡು ಬಗೆಯ ಗಿಡಗಳನ್ನು ಬೆರೆಸಿದರೆ ಪ್ರತಿಯೊಂದೂ ತನ್ನ ಅರ್ಧ ಪಾಲು ಕೊಡುತ್ತದೆ; ಹುಟ್ಟುವ ಸಂಕರಕ್ಕೆ ಮೂರು ಕಟ್ಟು, 33. ಬೀಜ ಕಟ್ಟದ ನರ್ಸರಿ ತಳಿಗಳಲ್ಲಿ ಹಲವು ಇಂಥವೇ. ಪರಾಗ, ಅಂಡಗಳು ಆಗುವಾಗ ವರ್ಣತಂತುಗಳು ಜೋಡಿಯಾಗಿ, ಆಮೇಲೆ ಸಮನಾಗಿ ಪಾಲಾಗಬೇಕು. ಮೂರನ್ನು ಇಬ್ಬರಿಗೆ ಸಮನಾಗಿ ಹಂಚುವುದು ಹೇಗೆ? ಹೆಚ್ಚಿನ ಅಂಡಗಳು ಕೆಟ್ಟುಹೋಗುತ್ತವೆ. ಆದರೆ ಲಂಟಾನಕ್ಕೆ ಒಂದು ಗುಣವಿದೆ: ಒಮ್ಮೊಮ್ಮೆ ಈ ಹಂಚಿಕೆಯನ್ನೇ ಬಿಟ್ಟು, ಇಡೀ ಕಟ್ಟುಗಳನ್ನು ಹಾಗೆಯೇ ಅಂಡಕ್ಕೆ ಇಳಿಸಿಬಿಡುತ್ತದೆ. ಅಂಥ ಅಂಡಕ್ಕೆ ಒಳ್ಳೆಯ ಪರಾಗ ತಾಗಿದರೆ ಬೀಜ ನಿಲ್ಲಬಹುದು. ನನ್ನ ಬೇಲಿಯಾಚೆಯ ಖಾಲಿ ಸೈಟಿನ ತುಂಬ ಕಾಡು ಲಂಟಾನ. ಚಿಟ್ಟೆಗಳಿಗೆ ಬೇಲಿ ಲೆಕ್ಕವಿಲ್ಲ.

ನಮ್ಮ ಬಾಳೆಯೂ ಹೀಗೆಯೇ. ನಂಜನಗೂಡು ರಸಬಾಳೆ, ಪಚ್ಚಬಾಳೆ ಎಲ್ಲ ಮೂರು ಕಟ್ಟಿನವು, ಅದಕ್ಕೇ ಹಣ್ಣಿನಲ್ಲಿ ಬೀಜವಿಲ್ಲ. ಆದರೂ ಹೊಂಡುರಾಸ್‌ನ ತಳಿ ವಿಜ್ಞಾನಿಗಳು ಇಂಥ ಬಾಳೆಯ ಹೂಗಳಿಗೆ ಕೈಯಿಂದ ಪರಾಗ ಹಚ್ಚಿ, ರಾಶಿಗಟ್ಟಲೆ ಹಣ್ಣು ಹಿಸುಕಿ, ಅಲ್ಲೊಂದು ಇಲ್ಲೊಂದು ಬೀಜ ಆಯ್ದು ಹೊಸ ತಳಿಗಳನ್ನು ಕಟ್ಟಿದ್ದಾರೆ. ಆ ತಾಳ್ಮೆ ನೆನೆದರೆ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಇನ್ನೊಂದು ದಾರಿಯೂ ಇದೆ, ನನಗೆ ಅತ್ಯಂತ ಇಷ್ಟವಾದ ಕಥೆ ಅದು. 1900ರ ಆಸುಪಾಸಿನಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪ್ರಿಮುಲಾ ಎಂಬ ಹೂಗಿಡದ ಎರಡು ಜಾತಿಗಳಾದ ಹಿಮಾಲಯದ ಪ್ರಿಮುಲಾ ಫ್ಲೋರಿಬಂಡಾ ಮತ್ತು ಅರೇಬಿಯಾದ ಪ್ರಿಮುಲಾ ವರ್ಟಿಸಿಲೇಟಾ ತಾವಾಗಿಯೇ ಬೆರೆತು ಒಂದು ಹೊಸ ಗಿಡ ಹುಟ್ಟಿತು. ಹಳದಿ ಹೂ, ಬೀಜ ಮಾತ್ರ ಇಲ್ಲ. ಪ್ರಿಮುಲಾ ಕ್ಯೂಎನ್ಸಿಸ್ ಎಂದು ಹೆಸರಿಟ್ಟು, ಗಿಡದಿಂದಲೇ ಗಿಡ ಮಾಡಿಕೊಂಡು ಬಂದರು. 1905ರಲ್ಲಿ ಅದು ಬೀಜ ಕಟ್ಟಿತು! ಆಮೇಲೆ ವರ್ಣತಂತು ಎಣಿಸಿದಾಗ ಬೀಜವಿಲ್ಲದ ಗಿಡದಲ್ಲಿ 18, ಬೀಜ ಕಟ್ಟಿದ್ದರಲ್ಲಿ 36. ಯಾವುದೋ ಒಂದು ಚಿಗುರಿನಲ್ಲಿ ಅವು ಇಮ್ಮಡಿಯಾಗಿದ್ದವು. ಎರಡು ಬೇರೆ ಜಾತಿಗಳಿಂದ ಬಂದ ವರ್ಣತಂತುಗಳು ಮೊದಲು ಒಂದಕ್ಕೊಂದು ಸರಿಯಾಗಿ ಹೊಂದಿರಲಿಲ್ಲ; ಈಗ ಪ್ರತಿಯೊಂದಕ್ಕೂ ತನ್ನದೇ ಜೊತೆಗಾರ ಸಿಕ್ಕಿತ್ತು.

ಫ್ಲಾರಿಡಾ ವಿಶ್ವವಿದ್ಯಾಲಯದವರು ಲಂಟಾನ ತಳಿಗಳಲ್ಲಿ ಕಾಯಿಯನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ, ಪರಾಗಕ್ಕೆ ಬಣ್ಣ ಹಚ್ಚಿ ಅದರಲ್ಲಿ ಜೀವವಿದೆಯೇ ಎಂದೂ ಪರೀಕ್ಷಿಸಿದರು. ಅದು ಸರಿ. ತಾನು ಕಾಯಿ ಬಿಡದ ಗಿಡ ಪಕ್ಕದ ಗಿಡಕ್ಕೆ ಪರಾಗ ಕೊಡಬಹುದು. ಅಲ್ಲಿನ ನಾಡಗಿಡವಾದ ಲಂಟಾನ ಡಿಪ್ರೆಸಾ ಹೀಗೆ ಬೆರೆತೇ ತನ್ನತನ ಕಳೆದುಕೊಳ್ಳುತ್ತಿದೆ.

ನಮಗೆ ಸೂಕ್ಷ್ಮದರ್ಶಕ ಬೇಡ. ಮಳೆಗಾಲ ಮುಗಿದ ಮೇಲೆ ವಾರಕ್ಕೊಮ್ಮೆ ಒಣಗಿದ ಗೊಂಚಲುಗಳನ್ನು ಬೆರಳಲ್ಲಿ ತಡವಿ. ಹಸಿರು ಕಾಯಿ ಸಿಕ್ಕರೆ, ಕಪ್ಪಾಗುವ ಮೊದಲೇ ಗೊಂಚಲು ಕತ್ತರಿಸಿ. ಕಾಡಿನಂಚಿನ ಊರುಗಳಲ್ಲಿ, ಎಸ್ಟೇಟುಗಳಲ್ಲಿ ಇರುವವರಿಗಂತೂ ನನ್ನ ವಿನಂತಿ: ಯಾವ ಹೆಸರಿನ ಲಂಟಾನವನ್ನೂ ನೆಡಬೇಡಿ. ನನ್ನ ಗಿಡವನ್ನು ನಿನ್ನೆ ಬೇರುಸಹಿತ ಕಿತ್ತೆ. ಆ ಐದು ಬೀಜ ಈ ಶೀಶೆಯಲ್ಲಿವೆ, ಬಂದು ನೋಡಿ.