ಚೌಕಿಯ ಗಣಪತಿ, ರಸದ ವಿಘ್ನ

ಕಾರವಾರ ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕಡೆ ‘ಯಕ್ಷಗಾನಕ್ಕೆ ಹೋಗ್ತೇನೆ’ ಅನ್ನುವವರು ಕಡಿಮೆ. ‘ಆಟಕ್ಕೆ ಹೋಗ್ತೇನೆ’ ಅಂತಾರೆ. ಎಲ್ಲಿ ಆಟ, ಯಾವ ಮೇಳ, ಪ್ರಸಂಗ ಯಾವುದು? ಅಂಕೋಲೆಯಿಂದ ಭಟ್ಕಳದವರೆಗೆ ಇದೇ ಮಾತು. ಘಟ್ಟ ಹತ್ತಿ ಶಿರಸಿ, ಸಿದ್ದಾಪುರಕ್ಕೆ ಹೋದರೂ ಅದೇ. ಬೆಳಗಿನವರೆಗೆ ಜನರನ್ನು ಕೂರಿಸಿಕೊಳ್ಳುವ ಕಲೆಗೆ ಇಷ್ಟು ಚಿಕ್ಕ ಹೆಸರು ಯಾಕೆ ಅಂತ ಹುಡುಗನಾಗಿದ್ದಾಗ ನನಗೆ ಅನ್ನಿಸುತ್ತಿತ್ತು. ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯ ಓದಿದ ಮೇಲೆ ಆ ಪ್ರಶ್ನೆ ಉಳಿಯಲಿಲ್ಲ.

ಅಲ್ಲಿ ಇಂದ್ರ ಉಳಿದ ದೇವತೆಗಳನ್ನು ಕರೆದುಕೊಂಡು ಬ್ರಹ್ಮನ ಹತ್ತಿರ ಹೋಗುತ್ತಾನೆ. ಕಣ್ಣಿಗೂ ಕಾಣಬೇಕು, ಕಿವಿಗೂ ಕೇಳಬೇಕು, ಅಂಥದ್ದೊಂದು ‘ಕ್ರೀಡನೀಯಕ’ ಕೊಡು ಅಂತ ಕೇಳುತ್ತಾನೆ. ಕ್ರೀಡನೀಯಕ ಅಂದರೆ ಆಟದ ವಸ್ತು. ನೋಡಿ, ನಮ್ಮ ಹಿರಿಯರು ಇಟ್ಟ ಹೆಸರು ಅಲ್ಲೇ ಇದೆ. ಬ್ರಹ್ಮ ಋಗ್ವೇದದಿಂದ ಮಾತು, ಸಾಮವೇದದಿಂದ ಹಾಡು, ಯಜುರ್ವೇದದಿಂದ ಅಭಿನಯ, ಅಥರ್ವವೇದದಿಂದ ರಸ, ಅಂದರೆ ನೋಡುವವನು ಸವಿಯುವ ಭಾವ, ತೆಗೆದು ನಾಟ್ಯವನ್ನು ಮಾಡಿದ.

ಮೊದಲ ಪ್ರದರ್ಶನ ನಡೆದದ್ದು ಇಂದ್ರಧ್ವಜದ ಹಬ್ಬದಲ್ಲಿ. ಕಥೆ, ದೇವತೆಗಳು ದೈತ್ಯರನ್ನು ಗೆದ್ದದ್ದು. ನೋಡಲು ಬಂದ ದೈತ್ಯರಿಗೆ ಹೇಗಾಗಬೇಡ? ವಿರೂಪಾಕ್ಷ ಎನ್ನುವವನು ಮುಂದೆ ನಿಂತು ವಿಘ್ನಗಳನ್ನು ಎಬ್ಬಿಸಿದ. ವಿಘ್ನಗಳು ಮಾಯೆಯಿಂದ ನಟರ ಮಾತು, ಚಲನೆ, ನೆನಪು ಮೂರನ್ನೂ ಕಟ್ಟಿಹಾಕಿದವು. ರಂಗದ ನಡುವೆ ನಿಂತ ವೇಷಧಾರಿಗೆ ಮುಂದಿನ ಮಾತೇ ಹೊಳೆಯದಿದ್ದರೆ ಏನಾಗುತ್ತದೆ ಅಂತ ವೇಷ ಕಟ್ಟಿದ ಯಾರನ್ನಾದರೂ ಕೇಳಿ. ಇಂದ್ರ ಸಿಟ್ಟಿನಿಂದ ಧ್ವಜದ ಕೋಲು ತೆಗೆದುಕೊಂಡು ವಿಘ್ನಗಳನ್ನು ಬಡಿದ. ಆ ಕೋಲಿಗೆ ‘ಜರ್ಜರ’ ಅಂತ ಹೆಸರಾಯಿತು. ಆದರೂ ಕಾಟ ಪೂರ್ತಿ ನಿಲ್ಲಲಿಲ್ಲ. ವಿಶ್ವಕರ್ಮ ನಾಟ್ಯಮಂಟಪ ಕಟ್ಟಿದ, ಮೂಲೆ ಮೂಲೆಗೆ ದೇವತೆಗಳ ಕಾವಲು ಬಂತು.

ನನಗೆ ಬಹಳ ಹಿಡಿಸುವುದು ಆಮೇಲಿನ ಭಾಗ. ದೇವತೆಗಳೇ ಬ್ರಹ್ಮನಿಗೆ ಹೇಳುತ್ತಾರೆ, ಮೊದಲು ಅವರ ಹತ್ತಿರ ಮಾತಾಡಿ ನೋಡು ಅಂತ. ಬ್ರಹ್ಮ ಹೋಗಿ ಕೇಳಿದ, ಯಾಕಪ್ಪ ನಾಟ್ಯ ಕೆಡಿಸುತ್ತೀರಿ? ವಿರೂಪಾಕ್ಷ ಸುಮ್ನೆ ಬೈಯಲಿಲ್ಲ. ನೀನು ದೇವತೆಗಳಿಗೂ ನಮಗೂ ಇಬ್ಬರಿಗೂ ಪಿತಾಮಹ, ಆದರೂ ನಮ್ಮನ್ನು ಅವಮಾನ ಮಾಡುವಂಥದ್ದನ್ನು ಮಾಡಿದೆಯಲ್ಲ ಅಂದ. ಬ್ರಹ್ಮ ಒಪ್ಪಿಕೊಂಡು ತಿಳಿಸಿ ಹೇಳಿದ. ಇದು ದೇವತೆಗಳದ್ದೂ ಅಲ್ಲ, ನಿಮ್ಮದೂ ಅಲ್ಲ, ಮೂರು ಲೋಕದ ಭಾವಗಳನ್ನು ತೋರಿಸುವಂಥದ್ದು ಅಂದ. ನಮ್ಮ ರಂಗಸ್ಥಳ ವಿರೂಪಾಕ್ಷನ ಆ ದೂರನ್ನು ಮನಸ್ಸಿಟ್ಟು ಕೇಳಿದೆ ಅಂತ ನನ್ನ ನಂಬಿಕೆ. ಹೊನ್ನಾವರ ತಾಲೂಕಿನವರೇ ಆದ, 2012ರಲ್ಲಿ ಪದ್ಮಶ್ರೀ ಬಂದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಲು ಜನ ಮೈಲಿಗಟ್ಟಲೆ ನಡೆದು ಹೋಗುತ್ತಿದ್ದರಲ್ಲ, ಅವರು ಹೋಗುತ್ತಿದ್ದದ್ದು ರಕ್ಕಸನನ್ನು ನೋಡಲು.

ಇವತ್ತಿಗೂ ಆಟದ ದಿನ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಮೊದಲು ಗಣಪತಿ ಪೂಜೆ. ಬಣ್ಣದ ಪೆಟ್ಟಿಗೆ, ಕಿರೀಟ, ಗೆಜ್ಜೆ ಎಲ್ಲದರ ನಡುವೆ ಒಂದು ದೀಪ. ಮಂಗಳಾರತಿ ಆದ ಮೇಲೇ ಮುಂದಿನದು. ನಮ್ಮ ಇಡಗುಂಜಿಯ ಸ್ಥಳಪುರಾಣವೂ ವಿಘ್ನದ ಕಥೆಯೇ. ಶರಾವತಿಯ ದಡದ ಕುಂಜವನದಲ್ಲಿ ವಾಲಖಿಲ್ಯ ಋಷಿಗಳ ಯಾಗಕ್ಕೆ ಮೇಲಿಂದ ಮೇಲೆ ಅಡ್ಡಿ ಬಂದಾಗ, ನಾರದರು ಗಣಪತಿಯನ್ನು ಕರೆತಂದರಂತೆ. ಅಲ್ಲಿಯ ಗಣಪತಿಗೆ ಎರಡೇ ಕೈ. ನಿಂತೇ ಇದ್ದಾನೆ, ಬಾಲಕನ ಹಾಗೆ. ಅವನ ಹೆಸರಿನಲ್ಲೇ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮೇಳ ಕಟ್ಟಿದರು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ಅಭಿನವಗುಪ್ತ ಎನ್ನುವ ದೊಡ್ಡ ಪಂಡಿತರು ನಾಟ್ಯಶಾಸ್ತ್ರಕ್ಕೆ ‘ಅಭಿನವಭಾರತಿ’ ಅಂತ ವ್ಯಾಖ್ಯಾನ ಬರೆದರು. ಅದರಲ್ಲಿ ರಸಕ್ಕೂ ಏಳು ವಿಘ್ನ ಇವೆ ಅನ್ನುತ್ತಾರೆ. ಈ ವಿಘ್ನಗಳು ಇರುವುದು ನೋಡುವವನಲ್ಲಿ, ತೋರಿಸುವ ರೀತಿಯಲ್ಲಿ. ಇವು ಹೋದರೆ ಸಾಕು, ರಸ ಬರುತ್ತದೆ. ಅದನ್ನು ಹೊರಗಿಂದ ತಂದು ಹಾಕಬೇಕಾಗಿಲ್ಲ.

ಏಳನ್ನೂ ಹೇಳುತ್ತ ಕೂರುವುದಿಲ್ಲ. ‘ಇದೆಲ್ಲ ಆಗೋದುಂಟಾ’ ಅನ್ನುವ ಅಪನಂಬಿಕೆ ಒಂದು. ಅದಕ್ಕೇ ರಾಮನಂಥ ಎಲ್ಲರೂ ಬಲ್ಲ ಹೆಸರು ಬೇಕು ಅನ್ನುತ್ತಾರೆ. ಹನುಮಂತ ಸಮುದ್ರ ಹಾರಿದ ಅಂದರೆ ನಮ್ಮ ಊರಲ್ಲಿ ಯಾರೂ ಹೇಗೆ ಅಂತ ಕೇಳುವುದಿಲ್ಲ ಅಲ್ವಾ? ಸರಿಯಾಗಿ ಕಾಣದಿರುವುದು, ಕೇಳದಿರುವುದು ಇನ್ನೊಂದು. ಮೈಕಿನ ಗಲಾಟೆಯಲ್ಲಿ ಮದ್ದಲೆ ಮುಳುಗಿಹೋದಾಗ ನನಗೆ ಇದು ನೆನಪಾಗುತ್ತದೆ.

ನನ್ನನ್ನು ಬಿಡದೆ ಕಾಡಿದ್ದು ಎರಡು ವಿಘ್ನ. ಒಂದು, ‘ಇದು ಇಂಥವನದು’ ಎನ್ನುವ ಎಣಿಕೆ. ಅಳುತ್ತಿರುವವನು ಆಚೆಮನೆಯವನು ಅಂತ ಹೊಳೆದರೆ ಆಟ ಕೆಟ್ಟಿತು. ಅದಕ್ಕೆ ಅಭಿನವಗುಪ್ತರು ಹೇಳುವ ಮದ್ದು, ಕಥೆಗೆ ಮೊದಲು ನಡೆಯುವ ಪೂರ್ವರಂಗ ಮತ್ತು ನಟನನ್ನು ಮುಚ್ಚುವ ಶಿರೋಭೂಷಣ. ನಮ್ಮ ಆಟದಲ್ಲಿ ಬಾಲಗೋಪಾಲ ಕುಣಿಯುತ್ತಾರೆ, ಸ್ತ್ರೀವೇಷ ಬರುತ್ತದೆ, ಆಮೇಲೆ ಪ್ರಸಂಗ. ತಲೆಗೆ ಬಟ್ಟೆ ಬಿಗಿದು, ಜರಿಪಟ್ಟಿ ಎಳೆದೆಳೆದು ಸುತ್ತಿ ಕೇದಗೆ ಮುಂದಲೆ ಎನ್ನುವ ಶಿರೋಭೂಷಣ ಕಟ್ಟುವುದನ್ನು ಚೌಕಿಯಲ್ಲಿ ಕೂತು ನೋಡಿದ್ದೇನೆ. ಕಟ್ಟಿ ಮುಗಿಯುವ ಹೊತ್ತಿಗೆ ಒಳಗಿದ್ದ ನಮ್ಮೂರ ಹುಡುಗ ಕಾಣುವುದಿಲ್ಲ. ಅಭಿಮನ್ಯು ಎದ್ದು ನಿಲ್ಲುತ್ತಾನೆ.

ಇನ್ನೊಂದು ವಿಘ್ನ, ನಮ್ಮದೇ ಸುಖದುಃಖದಲ್ಲಿ ಮುಳುಗಿರುವುದು. ಮನೆಯ ಚಿಂತೆ ಹೊತ್ತು ಬಂದವನು ಇನ್ನೊಂದನ್ನು ಹೇಗೆ ಸವಿಯಬೇಕು? ಅದಕ್ಕೆ ಹಾಡು, ವಾದ್ಯ, ಸಿಂಗರಿಸಿದ ಮಂಟಪ. ಇವುಗಳಿಂದ ಹೃದಯವಿಲ್ಲದವನೂ ಸಹೃದಯ ಆಗುತ್ತಾನೆ ಅಂತ ಅವರು ಬರೆಯುತ್ತಾರೆ.

ಅಪ್ಪಯ್ಯ ತೀರಿಹೋದ ಮರುವರ್ಷ ನಮ್ಮೂರಲ್ಲಿ ಆಟ ಇತ್ತು. ಕೊಯ್ಲಾದ ಗದ್ದೆ, ಕೂಳೆಯ ಮೇಲೆ ಚಾಪೆ. ಪ್ರಸಂಗ ಅಭಿಮನ್ಯು ಕಾಳಗ. ಆಯಿ, ನನ್ನ ಅಮ್ಮ, ಬರುವುದಿಲ್ಲ ಅಂತ ಹಟ ಹಿಡಿದಿದ್ದಳು. ಹೇಗೋ ಕರೆದುಕೊಂಡು ಹೋದೆ. ಒಂದು ತಾಸು ಅವಳ ಕಣ್ಣು ರಂಗದ ಕಡೆ ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಆಮೇಲೆ ಚಂಡೆ ಏರಿತು, ಅಭಿಮನ್ಯು ಬಂದ, ಬೆರಳು ನಿಂತಿತು. ಸುಭದ್ರೆಯ ಹತ್ತಿರ ಅವನು ಯುದ್ಧಕ್ಕೆ ಅಪ್ಪಣೆ ಕೇಳುವಾಗ ಚಂಡೆ ಸುಮ್ಮನಾಯಿತು. ಮದ್ದಲೆ ಮಾತ್ರ, ಮೆಲ್ಲಗೆ. ಭಾಗವತರು ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತುತ್ತಿದ್ದರು. ಆಯಿ ಅಳುತ್ತಿದ್ದಳು. ತಪ್ಪು ಮಾಡಿದೆ, ಕರೆತರಬಾರದಿತ್ತು ಅಂತ ನನಗೆ ಸಂಕಟ. ಮನೆಗೆ ಹೋಗೋಣವಾ ಅಂತ ಕೇಳಿದರೆ ಕೈ ಸರಿಸಿದಳು.

ಬೆಳಿಗ್ಗೆ ಚಾ ಕುಡಿಯುವಾಗ ಕೇಳಿದೆ, ಅಪ್ಪಯ್ಯನ ನೆನಪಾಯಿತಾ? ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. “ಇಲ್ಯೋ ತಮಾ, ಆವಾಗ ಅವರ ನೆನಪೇ ಬಂಜಿಲ್ಲೆ.” ಅವಳಿಗೇ ಆಶ್ಚರ್ಯ ಆಗಿತ್ತು.

ಕಾಳಿದಾಸನ ಶಾಕುಂತಲದಲ್ಲಿ ಬಾಣಕ್ಕೆ ಹೆದರಿ, ಕತ್ತು ತಿರುಗಿಸಿ ನೋಡುತ್ತ ಓಡುವ ಜಿಂಕೆಯನ್ನು ಅಭಿನವಗುಪ್ತರು ಉದಾಹರಣೆ ಕೊಡುತ್ತಾರೆ. ಆ ಹೊತ್ತಿಗೆ ನಾನು ಹೆದರಿದೆ, ಅದು ಹೆದರಿತು ಅಂತ ಇರುವುದಿಲ್ಲ, ಬರೀ ಭಯ ಇರುತ್ತದೆ ಅನ್ನುತ್ತಾರೆ. ಈ ಮಾತನ್ನು ನಾನು ಓದಿದ್ದು ಆಯಿ ಹೇಳಿ ಎಷ್ಟೋ ವರ್ಷ ಆದ ಮೇಲೆ.

ಅವತ್ತು ಬೆಳಿಗ್ಗೆ ಆಯಿಗೆ ಇನ್ನೊಂದು ವಿಷಯ ಹೇಳಿದೆ. ಸುಭದ್ರೆ ಮಾಡಿದ್ದು ನಮಗೆ ಹಾಲು ಕೊಡುವವನು. ಅಪ್ಪಯ್ಯ ಹೋದ ಮೇಲೆ ದನ ಕೊಟ್ಟುಬಿಟ್ಟಿದ್ದೆವು. ಅವನು ದಿನಾ ಬೆಳಿಗ್ಗೆ ಬರುತ್ತಿದ್ದ. ಆಯಿ ನಂಬಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಸೈಕಲ್ ನಿಂತ ಸದ್ದಾಯಿತು. ನಿದ್ದೆಗೆಟ್ಟ ಕಣ್ಣು, ಕಿವಿಯ ಹಿಂದೆ ಇನ್ನೂ ಸ್ವಲ್ಪ ಬಣ್ಣ. ಆಯಿ ಪಾತ್ರೆ ಹಿಡಿದುಕೊಂಡು ಹೋದಳು. ಅವನು ಹಾಲು ಅಳೆದು ಹಾಕಿದ ಮೇಲೂ ಅವಳು ಪಾತ್ರೆ ಹಿಂದಕ್ಕೆ ತೆಗೆಯದೆ, ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.